ಕಾಣಿಕೆ ಕೇಳುವಾಗ ನಿಜ ಹೇಳಬೇಕಲ್ಲವೇ? ಕೊಡಗಿನ ಸಭೆಗಳವರ ಜೊತೆ ಒಂದು ಮಾತು

ತೋಟದ ರೈಟರ್ (ಸಿದ್ದಾಪುರ ಕಡೆ)

ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ವಾರ ಯೋಚಿಸಿದೆ. ಕೊಡಗಿನಲ್ಲಿ ಒಂದೊಂದು ಕ್ರೈಸ್ತ ಸಭೆಯೂ ಚಿಕ್ಕದು, ಯಾರ ವಿಷಯ ಅಂತ ಬೇಗ ತಿಳಿದುಬಿಡುತ್ತದೆ. ಅದಕ್ಕೇ ಸಭೆಯ ಹೆಸರಾಗಲಿ ಪಂಗಡವಾಗಲಿ ಹೇಳುವುದಿಲ್ಲ. ದಯವಿಟ್ಟು ಯಾರೂ ಊಹಿಸಿ ಬರೆಯಬೇಡಿ.

ರೊಬಸ್ಟಾ ಕೊಯ್ಲಿನ ಸಮಯ. ಶನಿವಾರ ಬಟವಾಡೆ ಮುಗಿಸಿ ಕೂಲಿ ಲೆಕ್ಕದ ಚೆಕ್‌ರೋಲ್ ಮಡಚಿಡುವಾಗ ಲೈನ್‌ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಿದ್ದರು. ಐದು ಸಾವಿರ ಅಡ್ವಾನ್ಸ್ ಬೇಕು ಅಂದರು. ಹನ್ನೊಂದು ವರ್ಷದಲ್ಲಿ ಅವರು ಅಡ್ವಾನ್ಸ್ ಕೇಳಿದ್ದು ಎರಡೇ ಸಲ, ಎರಡೂ ಆಸ್ಪತ್ರೆಗೆ. "ಯಾರಿಗೆ ಹುಷಾರಿಲ್ಲ?" ಅಂತ ಕೇಳಿದೆ. "ಎಲ್ಲ ಚೆನ್ನಾಗಿದ್ದಾರೆ ಸಾರ್. ಸಭೆ ಚಾವಣಿಗೆ ಕೊಡ್ತೀನಿ ಅಂತ ಬರೆದುಕೊಟ್ಟಿದ್ದೆ. ನಾಳೆ ಕಡೇ ಭಾನುವಾರ. ಕೊಟ್ಟವರ ಹೆಸರು ಓದ್ತಾರಲ್ಲ" ಅಂದರು.

ಅವರ ಸಭೆಯೇ ನನ್ನದೂ. ನಾನು ಅದರ ಕಮಿಟಿಯಲ್ಲಿದ್ದೇನೆ. ಚಾವಣಿಗೆ ಬೇಕಾದ ಹಣ ಹಿಂದಿನ ತಿಂಗಳೇ ತುಂಬಿತ್ತು. ಹೊರದೇಶದಲ್ಲಿರುವ ಒಂದು ಕುಟುಂಬ ಉಳಿದದ್ದನ್ನೆಲ್ಲ ಒಟ್ಟಿಗೆ ಕಳಿಸಿತ್ತು. ಆ ರಾತ್ರಿಯ ಮೀಟಿಂಗಿನಲ್ಲಿ, "ಈಗಲೇ ಹೇಳಿಬಿಟ್ಟರೆ ಬರೆದುಕೊಟ್ಟವರು ಕೈ ಬಿಡ್ತಾರೆ, ಹೆಚ್ಚಾದದ್ದು ಸಭಾಪಾಲಕರ ಮನೆ ಕಾಂಪೌಂಡಿಗೆ ಆಗುತ್ತೆ" ಅಂತ ಒಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದರು. ನಾನೂ ಏನೂ ಮಾತಾಡಲಿಲ್ಲ. ಆ ಹಣ ಯಾರೂ ಜೇಬಿಗೆ ಹಾಕಿಕೊಳ್ಳಲಿಲ್ಲ, ಅದನ್ನು ಮೊದಲೇ ಸ್ಪಷ್ಟ ಮಾಡುತ್ತೇನೆ. ಆದರೆ ಮುಗಿದುಹೋದ ಕೆಲಸದ ಹೆಸರಿನಲ್ಲಿ ಕೂಲಿ ಮಾಡುವ ಹೆಂಗಸೊಬ್ಬಳು ಸಾಲ ತರುವಂತೆ ಮಾಡಿದೆವು. ಅಡ್ವಾನ್ಸ್ ಬರೆದದ್ದು ನನ್ನದೇ ಕೈ. ಮರುದಿನ ಹೆಸರು ಓದುವಾಗ ನಾಲ್ಕನೇ ಬೆಂಚಿನಲ್ಲಿ ಕೂತು ಕೇಳಿದವನೂ ನಾನೇ.

ಬೈಬಲಿನ ವಿಮೋಚನಕಾಂಡ 36ನೇ ಅಧ್ಯಾಯದಲ್ಲಿ ಒಂದು ಸಣ್ಣ ಘಟನೆಯಿದೆ. ದೇವದರ್ಶನದ ಗುಡಾರಕ್ಕೆ ಜನ ದಿನಾ ಬೆಳಗ್ಗೆ ಕಾಣಿಕೆ ತರುತ್ತಲೇ ಇರುತ್ತಾರೆ. ಕೆಲಸದವರು ಮೋಶೆಯ ಹತ್ತಿರ ಬಂದು, ಬೇಕಾದದ್ದಕ್ಕಿಂತ ಹೆಚ್ಚು ಬಂದಿದೆ ಅನ್ನುತ್ತಾರೆ. ಮೋಶೆ ಪಾಳೆಯದಲ್ಲೆಲ್ಲ ಸಾರಿಸಿ, ಇನ್ನು ತರಬೇಡಿ ಅಂತ ನಿಲ್ಲಿಸುತ್ತಾನೆ. ನನಗೀಗ ಐವತ್ತೆರಡು ವರ್ಷ. ಈ ಭಾಗದ ಮೇಲೆ ಸಭೆಯಲ್ಲಿ ಒಂದೂ ಉಪದೇಶ ಕೇಳಿದ ನೆನಪಿಲ್ಲ.

ಕೇಳುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಯಾತಕ್ಕೆ, ಎಷ್ಟು ಬೇಕು, ಎಷ್ಟು ಬಂತು, ಸಾಕಾಯಿತೇ, ಇಷ್ಟನ್ನು ಇದ್ದ ಹಾಗೆ ಹೇಳಿ ಕೇಳಬೇಕು ಅನ್ನುತ್ತಿದ್ದೇನೆ. ನಿಮ್ಮ ಕಡೆ ಹೇಗಿದೆ?

ಅಮ್ಮತ್ತಿ ಕಡೆಯವಳು

ಓದಿ ಮುಗಿಸಿದಾಗ ಕಣ್ಣಲ್ಲಿ ನೀರು ಬಂತು. ನಮ್ಮಮ್ಮನೂ ಹೀಗೇ. ಅಕ್ಕಿ ಡಬ್ಬದಲ್ಲಿ ಕಟ್ಟಿಟ್ಟ ದುಡ್ಡು ಭಾನುವಾರ ಕಾಣಿಕೆ ಚೀಲಕ್ಕೆ ಹೋಗುತ್ತಿತ್ತು, ಸೋಮವಾರ ನಾವು ಗಂಜಿ ಕುಡಿಯುತ್ತಿದ್ದೆವು. ಅಮ್ಮನಿಗೆ ಅದರಲ್ಲಿ ಸಂತೋಷವಿತ್ತು, ಆ ಸಂತೋಷವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಹಾಗೆ ಕೊಟ್ಟವಳಿಗೆ ನಿಜ ತಿಳಿಯುವ ಹಕ್ಕಿದೆ.

ಗುಡ್ಡದ ಪಾಲಕ (ಸೋಮವಾರಪೇಟೆ ಕಡೆ)

ರೈಟರ್ ಅವರೇ, ನಾನು ಸಭಾಪಾಲಕ. ನಿಮ್ಮ ಮಾತು ನನಗೂ ತಾಗಿದೆ. ಆದರೂ ಕೇಳುವವರ ಕಡೆಯಿಂದ ಎರಡು ಮಾತು ಹೇಳಲೇಬೇಕು.

ನಮ್ಮ ಸಭೆಯಲ್ಲಿ ಮೂವತ್ತೆಂಟು ಮನೆ. ಇಪ್ಪತ್ತಕ್ಕಿಂತ ಹೆಚ್ಚು ಮನೆ ಲೈನಿನಲ್ಲಿ ಇರುವವರು. ಜೂನ್ ಬಂತೆಂದರೆ ಹಂಚಿನ ಸಂದಿಯಿಂದ ನೀರು ಹಲಗೆಗೆ ಇಳಿಯುತ್ತದೆ, ಸೆಪ್ಟೆಂಬರಿಗೆ ಹಲಗೆ ಕೊಳೆತಿರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ನಾಲ್ಕು ದಿನ ಬರುವುದಿಲ್ಲ. ಸತ್ತವರ ಮನೆಗೆ ರಾತ್ರಿ ಹೋಗಬೇಕು, ಜೀಪಿಗೆ ಡೀಸೆಲ್ ಹಾಕಬೇಕು. ಕೇಳದೆ ಇದ್ದರೆ ಕೊಡುವವರು ಬೆರಳೆಣಿಕೆಯಷ್ಟು. ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡುವವರು ಕಾಣಿಕೆ ಚೀಲಕ್ಕೆ ಹತ್ತು ರೂಪಾಯಿ ಹಾಕುವುದನ್ನೂ ನೋಡಿದ್ದೇನೆ. ಮಡಿಕೇರಿ ಕೋಟೆಯೊಳಗಿನ ಸಂತ ಮಾರ್ಕನ ದೇವಾಲಯ ಈಗ ಸರ್ಕಾರದ ಮ್ಯೂಸಿಯಂ. ಅದರ ಮುಂದೆ ಹೋದಾಗಲೆಲ್ಲ, ಹೊರುವ ಜನ ಇಲ್ಲದಿದ್ದರೆ ಎಷ್ಟು ಗಟ್ಟಿ ಗೋಡೆಯಿದ್ದರೂ ಆರಾಧನೆ ನಿಂತುಹೋಗುತ್ತದಲ್ಲ ಅನಿಸುತ್ತದೆ.

ಇನ್ನು ನನ್ನ ತಪ್ಪು. ಪ್ರತಿ ಜನವರಿ ಮಲಾಕಿಯ 3ನೇ ಅಧ್ಯಾಯ ಹಿಡಿದು ದಶಮಾಂಶದ, ಅಂದರೆ ಆದಾಯದ ಹತ್ತನೇ ಒಂದು ಪಾಲು ಕೊಡುವುದರ, ಉಪದೇಶ ಮಾಡುತ್ತಿದ್ದೆ. ಕೊಡದವರು ದೇವರಿಂದ ಕದಿಯುವವರು ಅನ್ನುವಲ್ಲಿ ದನಿ ಏರಿಸುತ್ತಿದ್ದೆ. ಆ ವಚನದಲ್ಲೇ ದಶಮಾಂಶವನ್ನು ಭಂಡಾರಕ್ಕೆ ತರಲು ಹೇಳಿದ್ದು ಆಲಯದಲ್ಲಿ ಆಹಾರ ಇರಲಿ ಎಂಬುದಕ್ಕೆ. ಧರ್ಮೋಪದೇಶಕಾಂಡ 14ರಲ್ಲಿ ಮೂರನೇ ವರ್ಷದ ದಶಮಾಂಶ ಊರಲ್ಲೇ ಉಳಿದು ಆಲಯದ ಸೇವೆಯ ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆತುಂಬ ಉಣ್ಣಬೇಕು ಅಂತಿದೆ. ವಿಧವೆ ಉಣ್ಣಬೇಕಾದ ಪಾಲನ್ನು ವಿಧವೆಯಿಂದಲೇ ಕೇಳುತ್ತಿದ್ದೆನಲ್ಲ ಅಂತ ಒಂದು ದಿನ ಹೊಳೆಯಿತು. ಅಂದಿನಿಂದ ಆ ಎರಡು ಭಾಗಗಳನ್ನೂ ಒಟ್ಟಿಗೇ ಓದುತ್ತೇನೆ. ಕಾಣಿಕೆ ಸ್ವಲ್ಪ ಕಡಿಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಹಳೆ ಖಜಾಂಚಿ (ವಿರಾಜಪೇಟೆ)

ನಾನು ಕಥೋಲಿಕ. ಎಂಟು ವರ್ಷ ನಮ್ಮ ಧರ್ಮಕೇಂದ್ರದ (ಪ್ಯಾರಿಷ್‌ನ) ಹಣಕಾಸು ಸಮಿತಿಯಲ್ಲಿದ್ದೆ. ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 537ನೇ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು. ಭಕ್ತರು ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬಹುದು ಅನ್ನುತ್ತದೆ 1267. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಅನ್ನುತ್ತದೆ 1287. ಬಲಿಪೂಜೆಯ ಕಾಣಿಕೆಯಲ್ಲಿ ವ್ಯಾಪಾರದ ಛಾಯೆಯೂ ಇರಬಾರದು ಅನ್ನುವುದು 947. ಬಡವರು ಕೇಳಿದರೆ ಕಾಣಿಕೆ ಇಲ್ಲದೆಯೂ ಅವರ ಕೋರಿಕೆಗೆ ಪೂಜೆ ಅರ್ಪಿಸಿ ಅಂತ ಗುರುಗಳಿಗೆ 945ರಲ್ಲಿ ಒತ್ತಿ ಹೇಳಿದೆ. ಅಂದರೆ ಲೆಕ್ಕ ಕೇಳುವುದು ಬಂಡಾಯವಲ್ಲ, ನಮ್ಮ ಸಭೆಯೇ ಬರೆದಿಟ್ಟ ರೀತಿ.

ರೈಟರ್ ಅವರ ಚಾವಣಿ ಹಣವನ್ನು ಕಾಂಪೌಂಡಿಗೆ ಬಳಸಲು ಹೊರಟದ್ದನ್ನು ನಮ್ಮಲ್ಲಿ 1267ರ ಅಡಿಯಲ್ಲೇ ಪ್ರಶ್ನಿಸಬಹುದಿತ್ತು.

ನಮ್ಮ ಊರಿನ ಸಂತ ಅನ್ನಮ್ಮನವರ ದೇವಾಲಯ 1792ರದ್ದು. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ. ರಾಜ ಯಾತಕ್ಕೆ ಕೊಟ್ಟ ಅಂತ ಇನ್ನೂರು ವರ್ಷ ಕಳೆದರೂ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಹೋದ ವರ್ಷ ಕೂಲಿಯವನೊಬ್ಬ ಕೊಟ್ಟ ನೂರು ರೂಪಾಯಿಗೂ ಅಂಥದೇ ಉದ್ದೇಶ ಇತ್ತು, ಅದನ್ನೂ ನಾವು ಅಷ್ಟೇ ನೆನಪಿಡಬೇಕಾಗಿತ್ತು.

ಮೌನಪ್ರಾರ್ಥನೆ

ನನಗೆ ಈ ಚರ್ಚೆ ಸರಿ ಕಾಣುತ್ತಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಕೊಟ್ಟ ಮೇಲೆ ಅದು ದೇವರದ್ದು. ಎರಡನೇ ಅರಸುಗಳು 12:15 ನೋಡಿ, ಯೆಹೂವನ ಆಲಯದ ದುರಸ್ತಿಗೆ ಹಣ ಪಡೆದವರಿಂದ ಲೆಕ್ಕ ಕೇಳಲೇ ಇಲ್ಲ, ಅವರು ನಂಬಿಗಸ್ತರಾಗಿದ್ದರು. ನಂಬಿಕೆ ಇಲ್ಲದ ಕಡೆ ಲೆಕ್ಕಪುಸ್ತಕ ಎಷ್ಟಿದ್ದರೂ ಏನು?

ತೋಟದ ರೈಟರ್

ಒಳ್ಳೆಯ ವಚನ ತೆಗೆದಿರಿ, ಅದೇ ಅಧ್ಯಾಯವನ್ನು ಮೇಲಿನಿಂದ ಓದೋಣ. ಯೋವಾಷನು ಅರಸನಾಗಿ ಇಪ್ಪತ್ತಮೂರು ವರ್ಷವಾದರೂ ಯಾಜಕರು ಕಾಣಿಕೆ ತೆಗೆದುಕೊಂಡು ಆಲಯದ ದುರಸ್ತಿ ಮಾಡಿಸಿರಲಿಲ್ಲ. ಆಗ ಅರಸ ಕರೆದು ಕೇಳಿದ. ಯಾಜಕ ಯೆಹೋಯಾದ ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಮಾಡಿ ಯಜ್ಞವೇದಿಯ ಪಕ್ಕ ಇಟ್ಟ. ಹಣ ತುಂಬಿದಾಗ ಅರಮನೆಯ ಲೇಖಕನೂ ಮಹಾಯಾಜಕನೂ ಒಟ್ಟಿಗೆ ಕೂತು ಎಣಿಸಿದರು. ಲೆಕ್ಕ ಕೇಳದೆ ಬಿಟ್ಟದ್ದು ಆಮೇಲೆ, ಕೈಯಾರೆ ಕೆಲಸ ಮಾಡಿಸುತ್ತಿದ್ದವರನ್ನು. ಎಣಿಕೆಗೆ ಇಬ್ಬರು ಇದ್ದೇ ಇದ್ದರು.

ಬಲಗೈ ಎಡಗೈ ಮಾತು ಕೊಡುವವನಿಗೆ ಹೇಳಿದ್ದು. ಅದನ್ನು ಒಪ್ಪುವುದಾದರೆ ಮೊದಲು ಭಾನುವಾರ ಹೆಸರು ಮತ್ತು ಮೊತ್ತ ಓದುವುದು ನಿಲ್ಲಬೇಕು. ನಮ್ಮಲ್ಲಿ ಗುಟ್ಟಾಗಿರಬೇಕಾದದ್ದನ್ನು ಮೈಕಿನಲ್ಲಿ ಓದುತ್ತೇವೆ, ಮೈಕಿನಲ್ಲಿ ಹೇಳಬೇಕಾದದ್ದನ್ನು ಗುಟ್ಟಾಗಿಡುತ್ತೇವೆ.

ಮೌನಪ್ರಾರ್ಥನೆ

ಹೆಸರು ಓದುವ ವಿಷಯದಲ್ಲಿ ನಿಮ್ಮ ಜೊತೆ ಇದ್ದೇನೆ. ಉಳಿದದ್ದಕ್ಕೆ ಇನ್ನೂ ಮನಸ್ಸು ಒಪ್ಪಿಲ್ಲ. ಲೆಕ್ಕ ಕೇಳುವ ಹೆಸರಿನಲ್ಲಿ ಗುಂಪು ಕಟ್ಟಿ ಪಾಲಕರನ್ನೇ ಓಡಿಸಿದ್ದನ್ನು ನೋಡಿದವನು ನಾನು. ಆ ಗಾಯ ಇನ್ನೂ ಮಾಸಿಲ್ಲ.

ಬೆಂಗಳೂರಲ್ಲಿರುವ ಮಗಳು (ಊರು ಸುಂಟಿಕೊಪ್ಪ)

ನಮ್ಮಮ್ಮ ಒಂಟಿ, ಪಿಂಚಣಿಯಲ್ಲಿ ಬದುಕು. ಈಗ ದಿನಾ ಬೆಳಗ್ಗೆ ಐದಕ್ಕೆ ಫೋನಿನಲ್ಲಿ ಒಂದು ಪ್ರಾರ್ಥನೆ ಕೇಳ್ತಾರೆ. ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಇರುತ್ತೆ. "ಬೀಜದ ಕಾಣಿಕೆ ಬಿತ್ತಿ, ನಿಮ್ಮ ಮಗನ ಕುಡಿತ ಬಿಡುತ್ತೆ, ಮಗಳ ಮದುವೆ ಕೂಡಿಬರುತ್ತೆ" ಅಂತ ಹೇಳ್ತಾರೆ. ಸ್ಕ್ಯಾನ್ ಮಾಡಿದ್ರೆ ಸಭೆಯ ಹೆಸರೇ ಬರಲ್ಲ, ಒಬ್ಬ ವ್ಯಕ್ತಿಯ ಹೆಸರು ಬರುತ್ತೆ. ನಾಲ್ಕು ತಿಂಗಳ ಬ್ಯಾಂಕ್ ಮೆಸೇಜ್ ನೋಡಿದಾಗ ನನ್ನ ಕೈ ನಡುಗಿತು.

ಅಮ್ಮನ್ನ ಬೈಯಲಿಲ್ಲ. ಮಾರ್ಕ 12 ತೆಗೆದು ಇಬ್ಬರೂ ಓದಿದ್ವಿ. ಎರಡು ಕಾಸು ಹಾಕಿದ ವಿಧವೆಯ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಸ್ವಲ್ಪ ಮುಂಚೆಯೇ ಯೇಸು, ವಿಧವೆಯರ ಮನೆ ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ಬಗ್ಗೆ ಎಚ್ಚರಿಸಿದ್ದಾರೆ. ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಸುಮ್ಮನೆ ಕೂತಿದ್ರು. ಈಗಲೂ ಪ್ರಾರ್ಥನೆ ಕೇಳ್ತಾರೆ, ದುಡ್ಡು ಮಾತ್ರ ಊರಿನ ಸಭೆಯ ಚೀಲಕ್ಕೇ ಹಾಕ್ತಾರೆ.

ಲೆಕ್ಕಪತ್ರ (ಕುಶಾಲನಗರ)

ನನ್ನ ವೃತ್ತಿ ಲೆಕ್ಕಪರಿಶೋಧನೆ, ಹಾಗಾಗಿ ಒಂದು ಸುಳ್ಳಿನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅದನ್ನು ಹೇಳುವವರಿಗೇ ಅದು ಸುಳ್ಳೆಂದು ಗೊತ್ತಿರುವುದಿಲ್ಲ. "ಕೊಡಿ, ಟ್ಯಾಕ್ಸ್ ಉಳಿಯುತ್ತೆ" ಅನ್ನುವುದು. ಎಲ್ಲರೂ 80ಜಿ ಅಂತ ಕರೆಯುವ ವಿನಾಯಿತಿ ಸಾಮಾನ್ಯವಾಗಿ ಧರ್ಮಾರ್ಥ ಸೇವೆಯ ಸಂಸ್ಥೆಗೆ ಸಿಗುವಂಥದ್ದು, ಅದೂ ಆ ಸಂಸ್ಥೆ ಅನುಮೋದನೆ ಪಡೆದಿದ್ದರೆ. ಆರಾಧನೆಯ ಕಾಣಿಕೆ ಚೀಲಕ್ಕೆ ಹಾಕಿದ್ದಕ್ಕೆ ಅದು ಬರುವುದಿಲ್ಲ. ನಗದಾಗಿ ₹2,000ಕ್ಕಿಂತ ಹೆಚ್ಚು ಕೊಟ್ಟರೂ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಅದು ಅನ್ವಯಿಸುವುದೇ ಇಲ್ಲ. ಲೈನ್‌ಮನೆಯವರಿಗೆ ತೆರಿಗೆಯೇ ಇಲ್ಲ, ಆದರೆ ನಿವೃತ್ತ ಮೇಷ್ಟ್ರು, ಬ್ಯಾಂಕಿನವರು ಈ ಮಾತು ನಂಬಿ ಕೊಟ್ಟು, ಮಾರ್ಚ್‌ನಲ್ಲಿ ನನ್ನ ಟೇಬಲ್ ಮುಂದೆ ರಸೀದಿ ಇಲ್ಲದೆ ಕೂರುತ್ತಾರೆ.

ಮೇಲಿನ ತಂಗಿಗೆ ಒಂದು ಮಾತು. ಹಣ ಸಂಸ್ಥೆಯ ಖಾತೆಗೆ ಹೋಗದೆ ವ್ಯಕ್ತಿಯ ಖಾತೆಗೆ ಹೋದರೆ ಅದು ಯಾವ ಸಭೆಯ ಆಡಿಟ್‌ನಲ್ಲೂ ಬರುವುದಿಲ್ಲ. ನೀವು ಗಮನಿಸಿದ್ದು ಸರಿಯಾದದ್ದನ್ನೇ.

ಆನಂದಪುರದ ಮೊಮ್ಮಗ

ರೈಟರ್ ಸಾರ್, ಆ ಅಡ್ವಾನ್ಸ್ ಮಾತು ನನ್ನ ತಲೆಯಿಂದ ಹೋಗ್ತಿಲ್ಲ.

ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದದ್ದು 1853ರಲ್ಲಿ. ಮಂಗಳೂರಲ್ಲಿ ಪತ್ರಿಕೆ ತಂದವರು ಅಂತ ಶಾಲೆಯಲ್ಲಿ ಓದ್ತೀವಿ. ನಮ್ಮ ಮನೆಯಲ್ಲಿ ಅವರ ಹೆಸರು ಬೇರೆ ಕಾರಣಕ್ಕೆ ಬರುತ್ತೆ. ಗದ್ದೆಯ ಜೊತೆಗೇ ಒಡೆಯರ ಸೊತ್ತಾಗಿದ್ದ ಹೊಲೆಯರ ಕುಟುಂಬಗಳು ಸ್ವಂತ ಕಾಲ ಮೇಲೆ ನಿಲ್ಲಲಿ ಅಂತ ಆನಂದಪುರದಲ್ಲಿ ನೆಲೆ ಮಾಡಿದರು. ಆ ಹೆಸರು ಇಟ್ಟದ್ದೇ ಸಂತೋಷಕ್ಕೆ. ನಮ್ಮಜ್ಜಿ ಓದಿದವಳಲ್ಲ, ಆದರೆ "ಚೀಟಿ ಬರೆದುಕೊಡಬೇಡ" ಅಂತ ಸಾಯೋವರೆಗೂ ಹೇಳ್ತಿದ್ದಳು. ಅವಳ ಹಿಂದಿನವರ ಬದುಕೆಲ್ಲ ಯಾರದೋ ಕೈಯಲ್ಲಿದ್ದ ಸಾಲದ ಮೇಲೆ ನಿಂತಿತ್ತು.

ಈಗ ಸಭೆಯಲ್ಲೇ ಕಾರ್ಡ್ ಹಂಚ್ತಾರೆ. "ನಂಬಿಕೆಯ ವಾಗ್ದಾನ, ಈ ವರ್ಷ ಇಷ್ಟು ಕೊಡುವೆನು" ಅಂತ ಸಹಿ. ಕೊಡಲಾಗದಿದ್ದರೆ ಡಿಸೆಂಬರಿನಲ್ಲಿ ಬಾಕಿ ಪಟ್ಟಿ. ಜೀತದಿಂದ ಬಂದವರ ಮೊಮ್ಮಕ್ಕಳ ಕೈಗೆ ಮತ್ತೆ ಬಾಕಿ ಚೀಟಿ ಕೊಡುವುದನ್ನು ನನ್ನ ಕೈಲಿ ನೋಡಕ್ಕಾಗಲ್ಲ. ಕೊಡಬೇಕು ಅನಿಸಿದ ದಿನ, ಕೈಯಲ್ಲಿ ಇದ್ದಷ್ಟು ಕೊಡ್ತೀವಿ. ಪೌಲನೂ ಕೊರಿಂಥದವರಿಗೆ ಬರೆದದ್ದು ಅದನ್ನೇ, ಒತ್ತಾಯಕ್ಕಲ್ಲ, ಮನಸ್ಸಿನಲ್ಲಿ ನಿಶ್ಚಯಿಸಿದ ಹಾಗೆ.

ಗೋಣಿಕೊಪ್ಪದವ

ಬಾಕಿ ಅಂದಾಗ ನೆನಪಾಯ್ತು. ತಂಗಿ ಮದುವೆಗೆ ಬೇರೆ ಸಭೆಗೆ ಕೊಡಬೇಕಾದ ಪತ್ರ ಕೇಳಲು ಹೋದಾಗ, ಅಪ್ಪ ಕಾಯಿಲೆ ಬಿದ್ದಿದ್ದ ಮೂರು ವರ್ಷದ ವಂತಿಗೆ ಬಾಕಿ ಕಟ್ಟಿ ಅಂದರು. ಕಟ್ಟಿದೆವು. ಆ ಮೂರು ವರ್ಷದಲ್ಲಿ ಒಂದು ದಿನ ಅಪ್ಪನನ್ನು ನೋಡಲು ಬಂದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಸುಗ್ಗಿಹಬ್ಬದ ಹುಡುಗಿ

ಎಲ್ಲ ಕೇಳಾಟವನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ ಅಂತ ಕೇಳಿಕೊಳ್ಳುತ್ತೇನೆ. ನಮ್ಮ ಸುಗ್ಗಿ ಹಬ್ಬದ ಹರಾಜು ನನಗೆ ಪ್ರಾಣ. ಮೊದಲ ಗೊನೆ ಬಾಳೆ, ಕರಿಮೆಣಸಿನ ಪುಟ್ಟ ಚೀಲ, ಕಾಲು ಕಟ್ಟಿದ ಹುಂಜ, ಅಜ್ಜಿಯರು ತಂದ ಕಾಡುಮಾವಿನ ಉಪ್ಪಿನಕಾಯಿ. ಒಂದು ಮೊಟ್ಟೆ ಸಾವಿರ ರೂಪಾಯಿಗೆ ಹೋಗುತ್ತದೆ, ಕೊಂಡವರು ಅದನ್ನು ಮತ್ತೆ ಹರಾಜಿಗೆ ಬಿಡುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅಲ್ಲಿ ಯಾರಿಗೂ ಮೋಸವಿಲ್ಲ. ಮೊಟ್ಟೆಗೆ ಅಷ್ಟು ಬೆಲೆ ಇಲ್ಲ ಅಂತ ಎಲ್ಲರಿಗೂ ಗೊತ್ತು, ಹಣ ಯಾತಕ್ಕೆ ಅಂತಲೂ ಗೊತ್ತು, ಸಂಜೆ ಆರಕ್ಕೆ ಒಟ್ಟು ಮೊತ್ತ ಬೋರ್ಡಿನಲ್ಲಿ ಬರೆಯುತ್ತಾರೆ. ಕೂಗಲಾಗದವರು ಸಾರು ಬಡಿಸುತ್ತಾರೆ, ಅವರದ್ದೂ ಸೇವೆಯೇ.

ಆನಂದಪುರದ ಮೊಮ್ಮಗ

ಬೋರ್ಡಿನಲ್ಲಿ ಬರೆಯುತ್ತಾರಲ್ಲ, ಅಷ್ಟಾದರೆ ನನಗೂ ತಕರಾರಿಲ್ಲ. ಹುಂಜ ನಾನೂ ಕೂಗುತ್ತೇನೆ.

ಮಕ್ಕಂದೂರು ಕಡೆಯವ

2018ರ ಆಗಸ್ಟ್ ನೆನೆಸಿಕೊಂಡರೆ ಇವತ್ತಿಗೂ ಜೋರು ಮಳೆಯ ರಾತ್ರಿ ನಿದ್ದೆ ಬರಲ್ಲ. ನಮ್ಮ ಗುಡ್ಡ ಇಳಿದು ಗದ್ದೆ ಮೇಲೆ ಕೂತಿತು. ಆಗ ಎಲ್ಲ ಜಾತಿ, ಎಲ್ಲ ಧರ್ಮದವರೂ ಬಂದು ಅನ್ನ ಹಾಕಿದರು. ಚರ್ಚುಗಳೂ ತುಂಬಾ ಮಾಡಿದವು, ಅದನ್ನು ಮರೆತರೆ ನನಗೆ ಒಳ್ಳೆಯದಾಗಲ್ಲ.

ಎರಡು ಅನುಭವ ಹೇಳ್ತೀನಿ. ಹೊರ ಜಿಲ್ಲೆಯ ಒಂದು ಸಭೆಯವರು ನಮ್ಮ ಬಿದ್ದ ಮನೆ ಮುಂದೆ ನಮ್ಮನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು. ಆ ಫೋಟೋ ಹಾಕಿ ಹಣ ಕೂಡಿಸಿದ್ದು ಆಮೇಲೆ ನೆಂಟರೊಬ್ಬರಿಂದ ಗೊತ್ತಾಯ್ತು. ನಮಗೆ ಬಂದದ್ದು ಎರಡು ಕಂಬಳಿ. ಉಳಿದದ್ದು ಬೇರೆ ಯಾರಿಗಾದರೂ ತಲುಪಿರಬಹುದು, ಆದರೆ ನಮ್ಮ ಮುಖ ತೋರಿಸಿ ಕೇಳಿದ ಮೇಲೆ ನಮಗೊಂದು ಮಾತು ಹೇಳಬೇಕಿತ್ತು.

ಇನ್ನೊಂದು, ಇಲ್ಲಿನದೇ ಚಿಕ್ಕ ಸಭೆ. ಅವರು ಒಲೆ, ಪಾತ್ರೆ, ಹಾಸಿಗೆ ಕೊಟ್ಟ ಹದಿನಾಲ್ಕು ಮನೆಯ ಪಟ್ಟಿ ಮಾಡಿ ಬಿಲ್ಲುಗಳ ಸಮೇತ ಚರ್ಚಿನ ಬಾಗಿಲ ಒಳಗೆ ಅಂಟಿಸಿದ್ದರು. ಕೊನೆಗೆ ಸ್ವಲ್ಪ ಉಳಿಯಿತು. ಕೊಟ್ಟವರಿಗೆಲ್ಲ ಫೋನ್ ಮಾಡಿ, "ಇಷ್ಟು ಉಳಿದಿದೆ, ಮಕ್ಕಳ ಶಾಲೆ ಪುಸ್ತಕಕ್ಕೆ ಬಳಸಬಹುದಾ, ವಾಪಸ್ ಬೇಕಾ?" ಅಂತ ಕೇಳಿದರಂತೆ. ನಾನು ಕ್ರೈಸ್ತನಲ್ಲ. ಆ ಸಭೆಯವರು ಏನೇ ಕೆಲಸಕ್ಕೆ ಕೇಳಿದರೂ ನಾನು ಕೊಡ್ತೀನಿ.

ನೆರೆಮನೆಯ ಕೊಡವ

ನಮ್ಮ ಊರ ದೇವಸ್ಥಾನದಲ್ಲಿ ಭಂಡಾರ ತಕ್ಕ ಅಂತ ಭಂಡಾರ ನೋಡಿಕೊಳ್ಳುವ ಒಂದು ಮನೆತನ ಇದೆ. ಹಬ್ಬ ಮುಗಿದ ಮೇಲೆ ಊರವರು ಕೂತು ಲೆಕ್ಕ ಕೇಳುತ್ತೇವೆ. ಜಗಳವೂ ಆಗುತ್ತದೆ. ಜಗಳ ಆಡಿ ಅಲ್ಲೇ ಊಟ ಮಾಡಿ ಎದ್ದು ಬರುತ್ತೇವೆ. ಮೌನಪ್ರಾರ್ಥನೆಯವರ ಭಯ ನನಗೆ ಅರ್ಥವಾಗುತ್ತದೆ, ಆದರೆ ವರ್ಷಕ್ಕೊಮ್ಮೆ ಎದುರಿಗೆ ಕೇಳುವ ಜಾಗ ಇಲ್ಲದಿದ್ದಾಗಲೇ ಜನ ಹಿಂದಿನಿಂದ ಗುಂಪು ಕಟ್ಟುವುದು.

ಹಳೆ ಖಜಾಂಚಿ (ವಿರಾಜಪೇಟೆ)

ಒಂದು ಪುಟದ ಲೆಕ್ಕ ಸಾಕು ಅನ್ನುವುದು ನನ್ನ ಅನುಭವ. ಆಡಿಟ್ ವರದಿ ಅಂಟಿಸಿದಾಗ ಯಾರೂ ಓದಲಿಲ್ಲ. ಒಂದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ, ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ, ಬಿಷಪರ ಧರ್ಮಪ್ರಾಂತ್ಯಕ್ಕೆ ಕಳಿಸಿದ್ದು ಬೇರೆ ಸಾಲಿನಲ್ಲಿ ಬರೆದ ತಿಂಗಳು, ಪೂಜೆ ಮುಗಿದ ಮೇಲೆ ಜನ ಬೋರ್ಡಿನ ಮುಂದೆ ನಿಂತು ಬೆರಳಿಟ್ಟು ಓದಿದರು. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಿದರು. ತಮಿಳಿನವರು, ಮಲಯಾಳಿಗಳು, ಕೊಂಕಣಿಯವರು ಎಲ್ಲ ಇರುವ ಕಡೆ ಅಂಕಿ ಎಲ್ಲರಿಗೂ ಒಂದೇ.

ಗುಡ್ಡದ ಪಾಲಕ

ಖಜಾಂಚಿಯವರೇ, ಆ ಹಾಳೆಯಲ್ಲಿ ಪಾಲಕರ ಸಂಬಳವನ್ನೂ ಬರೆಯುತ್ತಿದ್ದಿರಾ? ನಾನು ಬರೆಸಬೇಕೆಂದಿದ್ದೇನೆ. ನನಗೆ ಎಷ್ಟು ಬರುತ್ತದೆಂದು ಜನ ಮನಸ್ಸಿಗೆ ಬಂದಷ್ಟು ಊಹಿಸುತ್ತಾರೆ. ನಿಜವಾದ ಅಂಕಿ ನೋಡಿದರೆ ಕೆಲವರಿಗೆ ಸಮಾಧಾನ, ಕೆಲವರಿಗೆ ಬೇಸರ ಆಗಬಹುದು. ಎರಡೂ ಆಗಲಿ.

ಹಳೆ ಖಜಾಂಚಿ (ವಿರಾಜಪೇಟೆ)

ಬರೆಯುತ್ತಿದ್ದೆವು. ನಮ್ಮ ಫಾದರ್ ತಾವೇ ಹೇಳಿ ಬರೆಸಿದರು.

ತೋಟದ ರೈಟರ್

ಎರಡು ವಾರ ಈ ಕಡೆ ಬರಲಾಗಲಿಲ್ಲ, ಕಣದಲ್ಲಿ ಕಾಫಿ ಇತ್ತು, ಮೋಡವೂ ಇತ್ತು.

ಕಮಿಟಿಯಲ್ಲಿ ಮಾತಾಡಿದೆ. ಮೊದಲು ನಾನು ಸುಮ್ಮನಿದ್ದದ್ದನ್ನೇ ಹೇಳಿದೆ, ಬೇರೆಯವರ ಮೇಲೆ ಹಾಕಲಿಲ್ಲ. ಒಬ್ಬರು ಸಿಟ್ಟಿನಿಂದ ಎದ್ದು ಹೋದರು. ಇಬ್ಬರು ನನ್ನ ಜೊತೆ ನಿಂತರು. ಪಾಲಕರು ಬಹಳ ಹೊತ್ತು ಮೇಜನ್ನೇ ನೋಡುತ್ತಿದ್ದು, "ಕಾಂಪೌಂಡ್ ನನಗೆ ಬೇಡ" ಅಂದರು. ಮುಂದಿನ ಭಾನುವಾರ ಅವರೇ ಎದ್ದು, ಚಾವಣಿಗೆ ಬೇಕಾದದ್ದು ಯಾವ ತಿಂಗಳು ತುಂಬಿತು, ಆಮೇಲೆ ಎಷ್ಟು ಬಂತು ಅಂತ ಅಂಕಿ ಸಮೇತ ಹೇಳಿ, ಆಮೇಲೆ ಕೊಟ್ಟವರು ಬಯಸಿದರೆ ವಾಪಸ್ ಪಡೆಯಬಹುದು ಅಂದರು. ಯಾರ ಹೆಸರನ್ನೂ ಓದಲಿಲ್ಲ. ಹೆಚ್ಚಿನವರು ಅಲ್ಲೇ ಇರಲಿ ಅಂದರು. ಏಳು ಮನೆಯವರು ವಾಪಸ್ ಕೇಳಿದ್ದಾರೆ, ಅವರನ್ನು ಯಾರೂ ಬೇರೆ ಕಣ್ಣಿನಿಂದ ನೋಡಬಾರದು ಅಂತ ಲಕೋಟೆಯಲ್ಲಿ ಹಾಕಿ ಮನೆಗೇ ತಲುಪಿಸುತ್ತಿದ್ದೇವೆ.

ನಮ್ಮ ಲೈನ್‌ಮನೆಯ ಆ ಹೆಂಗಸಿನ ಲಕೋಟೆ ನಾನೇ ತೆಗೆದುಕೊಂಡು ಹೋದೆ. ಅವರು ಬಿಚ್ಚಿ ಎಣಿಸಿ ಎರಡು ಸಾವಿರ ಇಟ್ಟುಕೊಂಡರು, ಮೂರು ಸಾವಿರ ಹಿಂದಕ್ಕೆ ಕೊಟ್ಟರು. "ನಾನು ಮನೆಯಿಂದ ಹೊರಡುವಾಗ ಮೂರು ಅಂದುಕೊಂಡಿದ್ದೆ ಸಾರ್. ಪಕ್ಕದವರು ಐದು ಬರೆದರು, ಅದಕ್ಕೇ ಐದು ಬರೆದೆ" ಅಂದರು.

ಈ ಶನಿವಾರದ ಪುಸ್ತಕದಲ್ಲಿ ಅವರ ಅಡ್ವಾನ್ಸಿನಿಂದ ಎರಡು ಸಾವಿರ ಕಳೆದು ಬರೆದಿದ್ದೇನೆ. ಉಳಿದ ಮೂರು ಸಾವಿರ ವಾರಕ್ಕೆ ಇನ್ನೂರರಂತೆ ಹಿಡಿಯಿರಿ ಅಂತ ಅವರೇ ಹೇಳಿದ್ದಾರೆ.